ಹತ್ತು ಗಂಟೆಯ ಆಪರೇಷನ್ ಅಂದರೆ ಹೆದರಬೇಕೇ?

ಪ್ರಶ್ನೆ: ಅಕ್ಕನಿಗೆ 46 ವರ್ಷ. ಹೊಟ್ಟೆ ದಪ್ಪಗಾಗುತ್ತಿತ್ತು, ಬೊಜ್ಜು ಅಂತ ಸುಮ್ಮನಿದ್ದೆವು. ಈಗ ‘ಸ್ಯೂಡೋಮಿಕ್ಸೋಮಾ ಪೆರಿಟೋನಿ’ ಅಂತಿದ್ದಾರೆ. ಹತ್ತು ಗಂಟೆಯ ಆಪರೇಷನ್ ಅಂತೆ. ಮಾಡಿಸಿದರೆ ಬದುಕುತ್ತಾಳಾ?

ಉತ್ತರ: ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ. ಹರ್ನಿಯಾ ಅಂದುಕೊಂಡು ನಾನೇ ಒಬ್ಬರ ಹೊಟ್ಟೆ ಕೊಯ್ದಿದ್ದೆ. ಹೊರಬಂದದ್ದು ಅಂಟಂಟು ಲೋಳೆ!

ಇದು ಸಾಮಾನ್ಯವಾಗಿ ಅಪೆಂಡಿಕ್ಸ್‌ನ ಪುಟ್ಟ ಗಡ್ಡೆಯಿಂದ ಶುರುವಾಗುತ್ತದೆ. ಅದು ಒಡೆದರೆ ಲೋಳೆ ಸುರಿಸುವ ಕಣಗಳು ಹೊಟ್ಟೆ ತುಂಬಾ ಹರಡುತ್ತವೆ. ಬರೀ ಲೋಳೆ ತೆಗೆದರೆ ಮತ್ತೆ ತುಂಬಿಕೊಳ್ಳುತ್ತದೆ. ಅದಕ್ಕೇ ಅಷ್ಟು ಹೊತ್ತು ಬೇಕು. ಹೊಟ್ಟೆಯ ಒಳಪೊರೆಯನ್ನು ನಿಧಾನವಾಗಿ ಸುಲಿಯಬೇಕು. ಗಡ್ಡೆ ಹತ್ತಿದ್ದರೆ ಗುಲ್ಮ (ಸೋಂಕು ತಡೆಯಲು ನೆರವಾಗುವ ಅಂಗ, ಸ್ಪ್ಲೀನ್), ಅಂಡಾಶಯ, ಕರುಳಿನ ತುಂಡನ್ನೂ ತೆಗೆಯಬೇಕು. ಆಮೇಲೆ 41ರಿಂದ 43 ಡಿಗ್ರಿ ಬಿಸಿಯ ಕೀಮೋ ದ್ರವವನ್ನು ಒಂದು, ಒಂದೂವರೆ ಗಂಟೆ ಹೊಟ್ಟೆಯೊಳಗೇ ಹರಿಸುತ್ತೇವೆ.

2012ರಲ್ಲಿ ಪ್ರಕಟವಾದ, 2298 ರೋಗಿಗಳ ಅಧ್ಯಯನದಲ್ಲಿ ಹತ್ತು ವರ್ಷ ಬದುಕುಳಿಯುವ ಪ್ರಮಾಣ ಶೇ. 63. ಹೊಟ್ಟೆಯ ಕಾಯಿಲೆ ಇಷ್ಟು ಹರಡಿದ ಮೇಲೂ ಇದು ಜಾಸ್ತಿನೇ, ಅಲ್ವಾ? ಆದರೆ ಚಿಕಿತ್ಸೆಯಿಂದಲೇ ಶೇ. 2ರಷ್ಟು ಮಂದಿ ತೀರಿಕೊಂಡರು, ಶೇ. 24ರಷ್ಟು ಮಂದಿಗೆ ದೊಡ್ಡ ತೊಂದರೆಗಳಾದವು. ಇದನ್ನು ಮುಚ್ಚಿಡಲಾರೆ.

ಅಕ್ಕನ ಲೆಕ್ಕ ಎರಡರ ಮೇಲೆ ನಿಂತಿದೆ: ಬಯಾಪ್ಸಿಯಲ್ಲಿ ಕಣಗಳು ಎಷ್ಟು ಉಗ್ರವಾಗಿವೆ, ಕೊನೆಗೆ ಉಳಿದ ಗಡ್ಡೆ 2.5 ಮಿಲಿಮೀಟರ್‌ಗಿಂತ ಚಿಕ್ಕದೋ ಅಲ್ಲವೋ. ಅಷ್ಟು ಚೊಕ್ಕವಾಗಿ ತೆಗೆಯಲು ಪಳಗಿದ ಕೈ ಬೇಕು. ಹಾಗಾಗಿ ‘ವರ್ಷಕ್ಕೆ ಇಂಥವು ಎಷ್ಟು ಮಾಡ್ತೀರಿ?’ ಎಂದು ಸರ್ಜನ್‌ರನ್ನು ಸಂಕೋಚವಿಲ್ಲದೆ ಕೇಳಿ. ಗುಲ್ಮ ತೆಗೆಯಬೇಕಾಗಬಹುದು ಎಂದರೆ, ಅದಕ್ಕೆ ಬೇಕಾದ ಲಸಿಕೆಗಳನ್ನು ಆಪರೇಷನ್‌ಗೆ ಎರಡು ವಾರ ಮೊದಲೇ ಹಾಕಿಸಿಬಿಡಿ.