ಫೆಲಿಕ್ಸ್ ಪರವೋ, ಆಸ್ಕರ್ ಪರವೋ?

ಪ್ರಶ್ನೆ: ‘ದಿ ಆಡ್ ಕಪಲ್’ ಅನ್ನೋ ಹಳೆಯ ಅಮೆರಿಕನ್ ಹಾಸ್ಯ ಧಾರಾವಾಹಿಯನ್ನು, ಅದೇ ಒಂದೇ ಮನೆಯಲ್ಲಿರುವ ಫೆಲಿಕ್ಸ್, ಆಸ್ಕರ್ ಎಂಬ ಇಬ್ಬರು ಗೆಳೆಯರ ಕಥೆಯನ್ನು, ಮತ್ತೆ ನೋಡುತ್ತಿದ್ದೇನೆ. ಮೊದಲ ಕಂತುಗಳು ಯಾಕೋ ಸಪ್ಪೆ. ಮುಂದುವರಿಸಲಾ, ಬಿಡಲಾ?

ಉತ್ತರ: ಬಿಡಬೇಡಿ, ಸೀದಾ ಎರಡನೇ ಸೀಸನ್‌ಗೆ ಹಾರಿ. 1970ರಲ್ಲಿ ಶುರುವಾದಾಗ ಅದನ್ನು ಸಿನಿಮಾದ ಹಾಗೆ ಒಂದೇ ಕ್ಯಾಮೆರಾದಲ್ಲಿ ತೆಗೆದು, ಆಮೇಲೆ ಮೊದಲೇ ಮುದ್ರಿಸಿಟ್ಟ ನಗುವಿನ ಸದ್ದು ಅಂಟಿಸುತ್ತಿದ್ದರು. ಮರುವರ್ಷ ಜನರನ್ನು ಎದುರಿಗೇ ಕೂರಿಸಿ, ಮೂರು ಕ್ಯಾಮೆರಾ ಇಟ್ಟರು ನೋಡಿ, ಜೀವ ಬಂತು! ಮೂಲ ನೀಲ್ ಸೈಮನ್ ಅವರ 1965ರ ನಾಟಕ ಅಲ್ವಾ, ಅದಕ್ಕೆ ರಂಗಮಂದಿರದ ಬಿಸಿ ಬೇಕೇ ಬೇಕು.

ಮೊದಲ ಸಲ ನೋಡಿದಾಗ ನಾನು ಪೂರ್ತಿ ಆಸ್ಕರ್ ಪಾರ್ಟಿ. ಕ್ರೀಡಾ ಪತ್ರಕರ್ತ, ಕೋಣೆ ತುಂಬ ಬಟ್ಟೆ ರಾಶಿ, ಸುಮ್ನೆ ಆರಾಮ. ಫೋಟೊಗ್ರಾಫರ್ ಫೆಲಿಕ್ಸ್‌ನ ಅತಿ ಶುಚಿ ಕಂಡರೆ ಮೈ ಉರಿಯುತ್ತಿತ್ತು. ಈ ಸಲ? ಆಸ್ಕರ್ ಬೂದಿ ಉದುರಿಸಿದಾಗೆಲ್ಲ ನನ್ನ ಕೈ ತಾನಾಗಿ ಸೋಫಾ ಒರೆಸುತ್ತಿತ್ತು. ವಯಸ್ಸಾಯಿತು, ಬಿಡಿ.

ಇಬ್ಬರೂ ‘ಪಾಸ್‌ವರ್ಡ್’ ಅನ್ನೋ, ಒಂದು ಪದದ ಸುಳಿವು ಕೊಟ್ಟು ಜೊತೆಗಾರನಿಂದ ಗುಟ್ಟಿನ ಪದ ಹೇಳಿಸುವ ಆಟದ ಟಿವಿ ಶೋಗೆ ಹೋಗುವ ಕಂತನ್ನು ಮಾತ್ರ ತಪ್ಪಿಸಬೇಡಿ. ಹೇಳಿಸಬೇಕಾದ ಪದ ‘ಹಕ್ಕಿ’. ಫೆಲಿಕ್ಸ್ ಕೊಡುವ ಸುಳಿವು ‘ಅರಿಸ್ಟೊಫೆನಿಸ್’! ಆ ಗ್ರೀಕ್ ನಾಟಕಕಾರ ಹಕ್ಕಿಗಳ ಮೇಲೆ ನಾಟಕ ಬರೆದಿದ್ದನಂತೆ, ಅದು ಎಲ್ಲರಿಗೂ ಗೊತ್ತಿರಬೇಕಂತೆ. ಆಗ ಆಸ್ಕರ್ ಪಾತ್ರದ ಜ್ಯಾಕ್ ಕ್ಲಗ್‌ಮನ್ ಮುಖ ನೋಡಬೇಕು. ಫೆಲಿಕ್ಸ್ ಆಗಿರುವ ಟೋನಿ ರ‍್ಯಾಂಡಲ್ ಮುಖದಲ್ಲಿ ಒಂದಿಷ್ಟೂ ನಾಚಿಕೆ ಇಲ್ಲ.

1975ರ ಕೊನೆ ಕಂತಿನಲ್ಲಿ ಏನಾಗುತ್ತೆ ಅಂತ ನಿಮಗೆ ಮರೆತಿದ್ದರೆ ನಾನಂತೂ ಹೇಳಲ್ಲ.