ಈಜುಕೊಳದ ಬಾಗಿಲಿಂದ ವಾಪಸ್ ಬಂದವರು

ನನ್ನ ಹತ್ತಿರ ಆಪ್ತಸಲಹೆಗೆ ಬಂದ ಗಂಡಸೊಬ್ಬರ ಕಥೆ ಇದು, ಅವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ.

ವಯಸ್ಸು 34. ತುಮಕೂರು ಕಡೆಯ ಹಳ್ಳಿಯಲ್ಲಿ ಬೆಳೆದವರು, ಈಗ ಫ್ರಾನ್ಸಿನ ಟುಲೂಸ್‌ನಲ್ಲಿ ಕೆಲಸ. ವಿಡಿಯೋ ಕಾಲ್‌ನಲ್ಲಿ ಮೊದಲ ಕಾಲು ಗಂಟೆ ಬರೀ ಬೆನ್ನುನೋವಿನ ಮಾತೇ ಆಯಿತು. ಡಾಕ್ಟರು ವಾರಕ್ಕೆ ಎರಡು ಸಲ ಈಜಿ ಅಂದಿದ್ದಾರಂತೆ, ಹೋಗೋಕೆ ಆಗ್ತಿಲ್ಲವಂತೆ. ಯಾಕೆ ಅಂದೆ. ಟೈಮ್ ಇಲ್ಲ ಅಂದರು. ಆಮೇಲೆ ಚಳಿ ಅಂದರು. ಕೊನೆಗೆ ತಲೆ ತಗ್ಗಿಸಿ, "ಮೇಡಂ, ಅಲ್ಲಿ ಚಿಕ್ಕ ಚಡ್ಡಿನೇ ಹಾಕ್ಬೇಕು" ಅಂದರು.

ನಡೆದದ್ದು ಇಷ್ಟು. ಮೊಣಕಾಲವರೆಗಿನ ಸಡಿಲ ಶಾರ್ಟ್ಸ್ ಹಾಕಿಕೊಂಡು ಊರಿನ ಸಾರ್ವಜನಿಕ ಈಜುಕೊಳಕ್ಕೆ ಹೋಗಿದ್ದಾರೆ. ನೀರಿಗೆ ಇಳಿಯುವ ಹೊತ್ತಿಗೆ ಕಾವಲಿನವನು ಸೀಟಿ ಊದಿ, ಎಲ್ಲರೆದುರು ಶಾರ್ಟ್ಸ್ ಕಡೆ ಬೆರಳು ತೋರಿಸಿ ಬೇಡ ಅಂದಿದ್ದಾನೆ. ಬಾಗಿಲ ಹತ್ತಿರದ ಯಂತ್ರದಲ್ಲಿ ದುಡ್ಡು ಹಾಕಿ ಬಿಗಿಯಾದ ಪುಟ್ಟ ಈಜುಚಡ್ಡಿ ಕೊಂಡರು. ಬಟ್ಟೆ ಬದಲಿಸುವ ಕೋಣೆಯಲ್ಲಿ ಅದನ್ನು ಹಾಕಿಕೊಂಡು ಇಪ್ಪತ್ತು ನಿಮಿಷ ಸುಮ್ನೆ ಕೂತರು. ಮತ್ತೆ ಪ್ಯಾಂಟ್ ಹಾಕಿ ಮನೆಗೆ ಬಂದರು. ಎರಡು ತಿಂಗಳು ಆ ಕಡೆ ತಲೆ ಹಾಕಲಿಲ್ಲ.

ಫ್ರಾನ್ಸಿನ ಬಹುತೇಕ ಸಾರ್ವಜನಿಕ ಈಜುಕೊಳಗಳಲ್ಲಿ ಈ ನಿಯಮ ಇದೆ. ಕಾರಣ ಸ್ವಚ್ಛತೆ. ಸಡಿಲ ಶಾರ್ಟ್ಸನ್ನು ಜನ ಬೀದಿಯಲ್ಲೂ ಹಾಕುತ್ತಾರೆ, ಅದರ ಜೊತೆ ಧೂಳು, ಬೆವರು, ಜೇಬಿನ ಕಸ ಎಲ್ಲ ನೀರಿಗೆ ಬರುತ್ತದೆ. ಬೆವರು, ಮೂತ್ರದಂಥವು ಕ್ಲೋರಿನ್ ಜೊತೆ ಸೇರಿದಾಗ ಹುಟ್ಟುವ ಕ್ಲೋರಮೈನ್ ಕಣ್ಣು ಉರಿಸುತ್ತದೆ. ಅದಕ್ಕೇ ಮೊದಲು ಸೋಪು ಹಚ್ಚಿ ಸ್ನಾನ ಮಾಡಿಯೇ ಇಳಿಯಬೇಕು. ಇದನ್ನು ಹೇಳಿದ ಮೇಲೆ ಅವರ ಮುಖ ಸ್ವಲ್ಪ ಸಡಿಲವಾಯಿತು. ತಾನು ಹೊರಗಿನವನು ಅಂತ ಅವಮಾನ ಮಾಡಿದರು ಅಂದುಕೊಂಡಿದ್ದರು, ಪಾಪ.

ಆದರೆ ನಾಚಿಕೆ ಅಲ್ಲಿಂದ ಶುರುವಾದದ್ದಲ್ಲ. ಎರಡನೇ ಭೇಟಿಯಲ್ಲಿ ಎಂಜಿನಿಯರಿಂಗ್ ಹಾಸ್ಟೆಲಿನ ಮಾತು ಬಂತು. ಸ್ನಾನ ಮುಗಿಸಿ ಬರುವಾಗ ಯಾರೋ ಟವೆಲ್ ಎಳೆದರು, ಕಾರಿಡಾರಿನಲ್ಲಿದ್ದವರೆಲ್ಲ ನಕ್ಕರು, ಅವತ್ತಿಂದ ನಾಲ್ಕು ವರ್ಷ ಇವರ ಹೆಸರು 'ಕಡ್ಡಿ ಪೈಲ್ವಾನ್'. ಹದಿನೈದು ವರ್ಷದ ಹಿಂದಿನ ಮಾತು. ಹೇಳುವಾಗ ದನಿ ನಡುಗುತ್ತಿತ್ತು. ಗಂಡಸರಿಗೆ ಮೈ ಬಗ್ಗೆ ನಾಚಿಕೆ ಇರೋದಿಲ್ಲ ಅಂತ ನಾವೆಲ್ಲ ಸುಲಭವಾಗಿ ಅಂದುಬಿಡುತ್ತೇವೆ. ನನ್ನ ಮುಂದೆ ಕೂತು ಅತ್ತ ಗಂಡಸರನ್ನು ನೋಡಿದ್ದೇನೆ, ಹಾಗಾಗಿ ಆ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ.

ಈಜು ಎಲ್ಲಿ ಕಲಿತಿರಿ ಅಂತ ಕೇಳಿದೆ. ತೋಟದ ಬಾವಿಯಲ್ಲಿ, ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು, ತಾತ ಮೇಲಿಂದ ನೂಕಿದ್ದರಂತೆ. ಆಗ ಮೈಮೇಲೆ ಏನಿತ್ತು? ಒಂದು ಚಡ್ಡಿ. ತಾತನ ಮೈಮೇಲೆ? ಲಂಗೋಟಿ. ತಾತ ಗರಡಿಮನೆಯಲ್ಲಿ ಸಾಮು ಮಾಡಿದವರು, ಅದೇ ಲಂಗೋಟಿಯಲ್ಲಿ ಇಡೀ ಊರಿನ ಮುಂದೆ ಕುಸ್ತಿ ಆಡಿದವರು. ಅವರಿಗೆ ಯಾವತ್ತಾದರೂ ನಾಚಿಕೆ ಆಗಿದ್ದು ನೋಡಿದ್ದೀರಾ ಅಂದೆ. ತುಂಬಾ ಹೊತ್ತು ಸುಮ್ಮನಿದ್ದರು. "ಇಲ್ಲ ಮೇಡಂ. ಆದ್ರೆ ಅಲ್ಲಿ ಎಲ್ರೂ ಹಂಗೇ ಇರ್ತಿದ್ರು."

ಅಷ್ಟೇ ವಿಷಯ. ಟುಲೂಸ್‌ನ ಕೊಳದಲ್ಲೂ ಎಲ್ಲರೂ ಹಂಗೇ ಇರುತ್ತಾರೆ. ಆಸ್ಟ್ರೇಲಿಯಾ ಈ ಚಡ್ಡಿಯ ತವರು ಅನ್ನುತ್ತಾರಲ್ಲ, ಅಲ್ಲೇ 1961ರಲ್ಲಿ ಸಿಡ್ನಿಯ ಬೊಂಡೈ ಬೀಚಿನಲ್ಲಿ ಇದನ್ನು ಹಾಕಿದವರನ್ನು ಅಸಭ್ಯ ಅಂತ ಹಿಡಿದಿದ್ದರು. ಕೇಸು ನಿಲ್ಲಲಿಲ್ಲ, ಕೆಲವೇ ವರ್ಷಗಳಲ್ಲಿ ಅದು ಅಲ್ಲಿನ ಬೀಚಿನ ಮಾಮೂಲಿ ಉಡುಪಾಯಿತು. ಅಮೆರಿಕದಲ್ಲಾದರೆ ಇವತ್ತಿಗೂ ಗಂಡಸರು ಜಾಸ್ತಿ ಉದ್ದ ಶಾರ್ಟ್ಸೇ ಹಾಕೋದು, ಚಿಕ್ಕದು ಹಾಕಿದವರನ್ನೇ ತಿರುಗಿ ನೋಡುತ್ತಾರೆ.

ಇನ್ನೊಂದು ಮಾತು ಮೂರನೇ ಭೇಟಿಯಲ್ಲಿ ಬಂತು, ನನಗೆ ಇದೇ ಮುಖ್ಯ ಅನ್ನಿಸಿತು. ಹೆಂಡತಿಗೆ ಈಜು ಕಲಿಯುವ ಆಸೆ ಇದೆಯಾ ಅಂದೆ. ಮದುವೆಯಾದ ಹೊಸತರಲ್ಲಿ ಗೋವಾದಲ್ಲಿ ಅವರು ಕೊಳಕ್ಕಿಳಿಯಲು ಈಜುಡುಪು ತಂದಿದ್ದರಂತೆ, "ಜನ ನೋಡ್ತಾರೆ, ಬೇಡ" ಅಂತ ಇವರೇ ತಡೆದಿದ್ದರು. ತನ್ನ ಮೇಲೆ ಬಿದ್ದ ಕಣ್ಣುಗಳ ಭಯವನ್ನೇ ಹೆಂಡತಿ ಮೇಲೂ ಹೊದಿಸಿದ್ದೆ ಅಂತ ಅವರಿಗೇ ಹೊಳೆಯಿತು. ನಾನು ಏನೂ ಸೇರಿಸಲಿಲ್ಲ. ಹೆಂಡತಿ ಹತ್ರ ಈ ಮಾತು ಆಡಿ, ಅಂದೆ, ಅಷ್ಟೇ.

ಸಲಹೆಗೆ ಬರುತ್ತೇನೆ. ಮೊದಲನೆಯದು, ಬಲವಂತ ಇಲ್ಲ. ತೊಡೆ ಮುಚ್ಚುವ ಬಿಗಿಯಾದ ಬಾಕ್ಸರ್ ಮಾದರಿಯನ್ನೂ ಅಲ್ಲಿನ ಎಷ್ಟೋ ಕೊಳಗಳಲ್ಲಿ ಒಪ್ಪುತ್ತಾರೆ, ಕೇಳಿ ನೋಡಿ, ಅದು ಸಾಕಾದರೆ ಅದೇ ಹಾಕಿ ಅಂದೆ. ಕೇಳಿದರು, ಆಗಬಹುದು ಅಂದರಂತೆ. ಆಶ್ಚರ್ಯ ಅಂದರೆ, ಬೇರೆ ದಾರಿ ಇದೆ ಅಂತ ಗೊತ್ತಾದ ಮೇಲೆ ಇವರು ಯಂತ್ರದಲ್ಲಿ ಕೊಂಡಿದ್ದನ್ನೇ ಹಾಕುತ್ತೇನೆ ಅಂದರು. ಹಾಗಾದರೆ ನಿಧಾನಕ್ಕೆ ಹೋಗೋಣ ಅಂದೆ. ಒಂದು ವಾರ ಮನೆಯಲ್ಲೇ ಹಾಕಿಕೊಂಡು ಹತ್ತು ನಿಮಿಷ ಓಡಾಡಿ, ಕನ್ನಡಿ ಮುಂದೆ ನಿಲ್ಲಿ, ಮೈಯನ್ನು ಬೈಯುವ ಮಾತು ಬಂದರೆ ಅದು ಯಾರ ದನಿ ಅಂತ ಗಮನಿಸಿ. (ಹಾಸ್ಟೆಲಿನದೇ ದನಿ ಅಂತ ಆಮೇಲೆ ಹೇಳಿದರು.) ಮುಂದಿನ ವಾರ ಜನ ಕಡಿಮೆ ಇರುವ ಬೆಳಗಿನ ಹೊತ್ತಿಗೆ ಹೋಗಿ, ಟವೆಲ್ ಸುತ್ತಿಕೊಂಡು ದಂಡೆಯವರೆಗೆ ನಡೆಯಿರಿ, ಅಲ್ಲಿ ಬಿಚ್ಚಿ ಇಳಿಯಿರಿ. ವಾಪಸ್ ಬಂದು ಬರೆದಿಡಿ, ಎಷ್ಟು ಜನ ನೋಡುತ್ತಾರೆ ಅಂದುಕೊಂಡಿದ್ದಿರಿ, ನಿಜಕ್ಕೂ ಎಷ್ಟು ಜನ ನೋಡಿದರು.

ಈ ಲೆಕ್ಕ ಸುಮ್ನೆ ಬರೆಸಿದ್ದಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರು ಮುಜುಗರ ತರುವ ಟೀ ಶರ್ಟ್ ಹಾಕಿಸಿ ವಿದ್ಯಾರ್ಥಿಗಳನ್ನು ಒಂದು ಕೋಣೆಗೆ ಕಳಿಸಿದ್ದರು. 2000ದಲ್ಲಿ ಅದರ ವರದಿ ಬಂತು. ಕೋಣೆಯಲ್ಲಿದ್ದ ಸುಮಾರು ಅರ್ಧ ಜನ ಗಮನಿಸಿರುತ್ತಾರೆ ಅಂತ ಶರ್ಟ್ ಹಾಕಿದವರು ಅಂದುಕೊಂಡಿದ್ದರು, ಗಮನಿಸಿದ್ದು ಹೆಚ್ಚುಕಡಿಮೆ ಕಾಲು ಭಾಗ. ನಮ್ಮವರ ಲೆಕ್ಕ ಇನ್ನೂ ಚೆನ್ನಾಗಿತ್ತು. ಹತ್ತು ಜನ ನೋಡುತ್ತಾರೆ ಅಂದುಕೊಂಡು ಹೋದವರನ್ನು ನೋಡಿದ್ದು ಒಬ್ಬ ಅಜ್ಜ ಮಾತ್ರ, ಅದೂ ಪಕ್ಕಕ್ಕೆ ಸರಿಯಿರಿ, ನಾನು ಈಜಬೇಕು ಅನ್ನೋಕೆ.

ಫೋಟೋ ಬಗ್ಗೆಯೂ ಮಾತಾಡಿದೆವು. ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಲೇಬೇಕು ಅಂತೇನಿಲ್ಲ, ಅಮ್ಮನಿಗೆ ಮುಜುಗರ ಆದರೆ ಅವರನ್ನು ಹಳೇಕಾಲದವರು ಅನ್ನುವುದೂ ಬೇಡ. ಕೊಳದ ಉಡುಪು ಕೊಳದಲ್ಲಿ ಇರಲಿ.

ಕಳೆದ ತಿಂಗಳು ಕೊನೆಯ ಭೇಟಿ ಆಯಿತು. ಮಂಗಳವಾರ, ಶುಕ್ರವಾರ ತಪ್ಪದೆ ಈಜುತ್ತಿದ್ದಾರೆ. ದಂಡೆಯವರೆಗೆ ಟವೆಲ್ ಇನ್ನೂ ಬೇಕು, ಇರಲಿ. ಬೆನ್ನುನೋವು ಪೂರ್ತಿ ಹೋಗಿಲ್ಲ, ಅದಕ್ಕೆ ಫಿಸಿಯೋ ನಡೆಯುತ್ತಿದೆ. ಹೆಂಡತಿ ಈಜು ಕಲಿಯುವ ತರಗತಿಗೆ ಸೇರಿದ್ದಾರೆ, ಉಡುಪು ಅವರೇ ಆರಿಸಿಕೊಂಡರಂತೆ.