ಫರ್ನೇಸ್ ಫಿಲ್ಟರ್ ನಾವೇ ಬದಲಾಯಿಸಬಹುದಾ? ಎಷ್ಟು ದಿನಕ್ಕೊಮ್ಮೆ?

ಹೊಸದಾಗಿ ಮನೆ ಕೊಂಡಿದ್ದೀರಿ, ಹಿಂದಿನವರು ಫಿಲ್ಟರ್ ಯಾವಾಗ ಹಾಕಿದ್ದರೋ ಗೊತ್ತಿಲ್ಲ, ಅಂಗಡಿಗೆ ಹೋದರೆ ಇಪ್ಪತ್ತು ತರಹದ ಡಬ್ಬಿ ನೋಡಿ ತಲೆ ಕೆಟ್ಟಿತು ಅಂತ ಬರೆದಿದ್ದೀರಿ. ಫರ್ನೇಸ್ ಅಂದರೆ ಮನೆಗೆಲ್ಲ ಬಿಸಿ ಗಾಳಿ ಊದುವ ಮೆಷಿನ್, ಅದು ಎಳೆದುಕೊಳ್ಳುವ ಗಾಳಿಯ ಧೂಳು ತಡೆಯುವುದು ಈ ಫಿಲ್ಟರ್. ಧಾರಾಳವಾಗಿ ನೀವೇ ಬದಲಾಯಿಸಬಹುದು. ಐದು ನಿಮಿಷದ ಕೆಲಸ. ನಾನು ಇದನ್ನು ಕಲಿತದ್ದು ಮಾತ್ರ 150 ಡಾಲರ್ ಕಳೆದುಕೊಂಡು.

ಅಮೆರಿಕದ ಮಿನೆಸೋಟಾದಲ್ಲಿ ನಮ್ಮ ಮೊದಲ ಚಳಿಗಾಲ. ಜನವರಿ, ಹೊರಗೆ ಮೈನಸ್ 26 ಸೆಲ್ಸಿಯಸ್. ಫರ್ನೇಸ್ ಹೊತ್ತಿಕೊಳ್ಳುತ್ತಿತ್ತು, ನಾಲ್ಕೈದು ನಿಮಿಷಕ್ಕೆ ಉರಿ ಆರಿಹೋಗುತ್ತಿತ್ತು, ಫ್ಯಾನ್ ಮಾತ್ರ ತಣ್ಣನೆ ಗಾಳಿ ಊದುತ್ತಲೇ ಇರುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದೇ ಕತೆ. ರಿಪೇರಿಯವನನ್ನು ಕರೆಸಿದೆ. ಅವನು ಟೂಲ್ ಪೆಟ್ಟಿಗೆ ಮುಚ್ಚಳವನ್ನೂ ತೆಗೆಯಲಿಲ್ಲ. ಸೀದಾ ಫಿಲ್ಟರ್ ಎಳೆದು ನನ್ನ ಕೈಗಿಟ್ಟ. ಬ್ಲೋವರ್, ಅಂದರೆ ಗಾಳಿ ಊದುವ ಆ ಫ್ಯಾನ್, ಎಳೆದ ಎಳೆತಕ್ಕೆ ಅದು ಬಿಲ್ಲಿನ ಹಾಗೆ ಬಾಗಿತ್ತು. ಮೇಲೆ ಬೂದು ಬಣ್ಣದ ಧೂಳು, ಕಂಬಳಿಯಷ್ಟು ದಪ್ಪ. ಮೂಸಿದರೆ ಇಂಗಿನ ವಾಸನೆ!

ಆಗಿದ್ದು ಇಷ್ಟೇ. ಗಾಳಿ ಸಾಕಷ್ಟು ಹಾಯದಿದ್ದರೆ, ಉರಿಯ ಬಿಸಿಯನ್ನು ಗಾಳಿಗೆ ದಾಟಿಸುವ ಒಳಗಿನ ಹೀಟ್ ಎಕ್ಸ್‌ಚೇಂಜರ್ ವಿಪರೀತ ಕಾಯುತ್ತದೆ. ಅದಕ್ಕೊಂದು ಲಿಮಿಟ್ ಸ್ವಿಚ್ ಇರುತ್ತದೆ, ಅದು ಉರಿಯನ್ನು ಆರಿಸಿ, ಬಿಸಿ ಇಳಿಯಲಿ ಅಂತ ಫ್ಯಾನ್ ಓಡಿಸುತ್ತದೆ. ಬೇಸಿಗೆಯಲ್ಲಿ ಇದರ ಉಲ್ಟಾ. ಎಸಿಗೂ ಇದೇ ಬ್ಲೋವರ್, ಇದೇ ಫಿಲ್ಟರ್. ಗಾಳಿ ಕಟ್ಟಿದರೆ, ಗಾಳಿಯನ್ನು ತಣ್ಣಗೆ ಮಾಡುವ ಕಾಯಿಲ್ ಮೇಲೆ ಮಂಜುಗಡ್ಡೆ ಕೂರುತ್ತದೆ. ಅದಕ್ಕೇ ಹೇಳೋದು, ಈ ಫಿಲ್ಟರ್ ಇರುವುದು ಮೊದಲು ಮೆಷಿನ್ನಿಗೆ, ಆಮೇಲೆ ನಮ್ಮ ಮೂಗಿಗೆ.

ನನ್ನ ಇನ್ನೊಂದು ತಪ್ಪು, ಜಾಸ್ತಿ ದುಡ್ಡಿನದು ಒಳ್ಳೆಯದು ಅಂದುಕೊಂಡದ್ದು. ಫಿಲ್ಟರ್ ಎಷ್ಟು ಸಣ್ಣ ಕಣ ಹಿಡಿಯುತ್ತದೆ ಅನ್ನುವುದಕ್ಕೆ ಮರ್ವ್ (MERV) ಅನ್ನೋ ನಂಬರ್ ಇದೆ, ನಂಬರ್ ಏರಿದಷ್ಟೂ ಇನ್ನೂ ಸಣ್ಣ ಕಣ ಹಿಡಿಯುತ್ತದೆ. ಮಾಮೂಲಿ ಮನೆಗೆ ಮರ್ವ್ 8 ಸಾಕು, ಯಾರಿಗಾದರೂ ಅಲರ್ಜಿ ಇದ್ದರೆ 11. ನಾನು ಒಂದೇ ಇಂಚಿನ ಜಾಗಕ್ಕೆ ಮರ್ವ್ 13 ತುರುಕಿ ನಾಲ್ಕು ತಿಂಗಳು ಮರೆತಿದ್ದೆ. ತೆಳು ಫಿಲ್ಟರಿನಲ್ಲಿ ನೆರಿಗೆಗೆ ಜಾಗ ಕಡಿಮೆ, ಅದರಲ್ಲೂ ನೇಯ್ಗೆ ಬಿಗಿ ಇದ್ದರೆ ಹಳೆ ಫರ್ನೇಸಿಗೆ ಉಸಿರು ಕಟ್ಟುತ್ತದೆ. ನಿಮ್ಮದು ನಾಲ್ಕೈದು ಇಂಚು ದಪ್ಪದ್ದಾದರೆ 13 ಹಾಕಲು ಸಾಮಾನ್ಯವಾಗಿ ತೊಂದರೆಯಿಲ್ಲ. 2023ರ ಬೇಸಿಗೆಯಲ್ಲಿ ಕೆನಡಾದ ಕಾಳ್ಗಿಚ್ಚಿನ ಹೊಗೆ ಇಲ್ಲಿಗೆಲ್ಲ ಬಂತಲ್ಲ, ಅಂಥ ದಿನಗಳಲ್ಲಿ ಮೆಷಿನ್ ತಡೆದರೆ 13 ಹಾಕುವುದೇ ಸರಿ. ಹೊಗೆ ಹೋದ ಮೇಲೆ ತೆಗೆದು ನೋಡಿ, ಕಪ್ಪಾಗಿರುತ್ತದೆ.

ಸೈಜ್ ಹುಡುಕಲು ಅಳತೆ ಟೇಪ್ ಬೇಡ. ಹಳೆಯದರ ಅಂಚಿನಲ್ಲೇ 16×25×1 ಅಂತ ಏನಾದರೂ ಇಂಚಿನ ಲೆಕ್ಕದಲ್ಲಿ ಬರೆದಿರುತ್ತದೆ. ಟೇಪ್ ಹಿಡಿದರೆ ಕಾಲು ಅರ್ಧ ಇಂಚು ಕಡಿಮೆ ಬಂದು ಸುಮ್ನೆ ಗೊಂದಲವಾಗುತ್ತದೆ. ಅದು ಹಾಗೇ ಇರುವುದು.

ಈಗ ಕೆಲಸ. ಥರ್ಮೋಸ್ಟಾಟ್ ಆಫ್ ಮಾಡಿ, ಫ್ಯಾನ್ ನಿಲ್ಲುವವರೆಗೆ ಕಾಯಿರಿ. ಮನೆಯ ಗಾಳಿ ವಾಪಸ್ ಬರುವ ದೊಡ್ಡ ಡಕ್ಟ್ (ಗಾಳಿ ಕೊಳವೆ) ಫರ್ನೇಸಿಗೆ ಸೇರುವ ಕಡೆ ಒಂದು ಸಂದು ಇರುತ್ತದೆ, ಕೆಲವದರಲ್ಲಿ ಬ್ಲೋವರ್ ಬಾಗಿಲ ಒಳಗೆ. ಹಳೆಯದನ್ನು ಮೆಲ್ಲಗೆ ಎಳೆಯಿರಿ, ಕೊಡವಬೇಡಿ. ಹೊಸದರ ಅಂಚಿನಲ್ಲಿ ಬಾಣದ ಗುರುತು ಇದೆ. ಅದು ಫರ್ನೇಸ್ ಕಡೆ ಮುಖ ಮಾಡಿರಬೇಕು. ಹಾಕುವ ಮೊದಲು ಮಾರ್ಕರಿನಲ್ಲಿ ತಾರೀಖು ಬರೆದುಬಿಡಿ. ಇದನ್ನು ನಾನು ಎರಡು ವರ್ಷ ಬರೆಯಲಿಲ್ಲ, ಪ್ರತಿ ಸಲ ಹೆಂಡತಿ ಜೊತೆ "ಹೋದ ತಿಂಗಳು ಹಾಕಿದ್ದಲ್ವಾ?" ಅಂತ ವಾದ.

ಎಷ್ಟು ದಿನಕ್ಕೊಮ್ಮೆ? ಒಂದು ಇಂಚಿನದಕ್ಕೆ ಡಬ್ಬಿ ಮೇಲೆ 90 ದಿನ ಅಂತ ಇರಬಹುದು, ಆದರೆ ಡಬ್ಬಿ ಬರೆದವರ ಮನೆಯಲ್ಲಿ ದಿನಾ ಎರಡು ಹೊತ್ತು ಒಗ್ಗರಣೆ ಹಾಕುತ್ತಾರಾ? ನಮ್ಮ ಒಲೆ ಮೇಲಿನ ಫ್ಯಾನ್ ಹೊಗೆಯನ್ನು ಹೊರಗೆ ಕಳಿಸುವುದಿಲ್ಲ, ಅಡುಗೆಮನೆಗೇ ವಾಪಸ್ ಬಿಡುತ್ತದೆ. ಜೊತೆಗೆ ಊದುಬತ್ತಿ, ಕಾರ್ಪೆಟ್, ಒಂದು ನಾಯಿ. ಚಳಿಗಾಲದಲ್ಲಿ ನನಗೆ 40 ದಿನ ಮೀರುವುದಿಲ್ಲ. ಏಪ್ರಿಲ್, ಮೇನಲ್ಲಿ ಫರ್ನೇಸೂ ಎಸಿಯೂ ಅಷ್ಟಾಗಿ ಓಡುವುದಿಲ್ಲ, ಆಗ ಮೂರು ತಿಂಗಳು ಸಲೀಸು. ದಪ್ಪದವು ಆರು ತಿಂಗಳಿಂದ ವರ್ಷ ಬರುತ್ತವೆ. ನೀವು ಮೊದಲ ಮೂರು ತಿಂಗಳು ತಿಂಗಳಿಗೊಮ್ಮೆ ಎಳೆದು ದೀಪದ ಮುಂದೆ ಹಿಡಿದು ನೋಡಿ. ಬೆಳಕು ಕಾಣದಿದ್ದರೆ ಎಸೆಯಿರಿ. ನಿಮ್ಮ ಮನೆಯ ಲೆಕ್ಕ ನಿಮಗೇ ಸಿಗುತ್ತದೆ. ಗೋಡೆ ಒಡೆಸುವುದು, ಉಜ್ಜಿಸುವುದು ನಡೆದಿದ್ದರೆ ಮಾತ್ರ ವಾರಕ್ಕೊಮ್ಮೆ ನೋಡಿ. ಗೋಡೆಯಿಂದ ಏಳುವ ಬಿಳಿ ಪುಡಿ ಫಿಲ್ಟರನ್ನು ಬಲು ಬೇಗ ಕಟ್ಟುತ್ತದೆ. ಕಾಗದದ ಚೌಕಟ್ಟಿನದನ್ನು ತೊಳೆದು ಮತ್ತೆ ಹಾಕುವ ಉಳಿತಾಯ ಬೇಡ, ನಮ್ಮ ಅಪ್ಪ ಬಂದಾಗ ಅದನ್ನೂ ಮಾಡಿ ನೋಡಿದರು, ಹಪ್ಪಳದ ಹಾಗೆ ಮುರಿಯಿತು.

ಬ್ಲೋವರ್ ಬಾಗಿಲು ತೆಗೆದಿದ್ದರೆ ಅದನ್ನು ಸರಿಯಾಗಿ ಒತ್ತಿ ಕೂರಿಸಿ. ಅದರ ಹಿಂದೆ ಒಂದು ಸಣ್ಣ ಸ್ವಿಚ್ ಇದೆ, ಬಾಗಿಲು ಅದಕ್ಕೆ ತಾಗದಿದ್ದರೆ ಫರ್ನೇಸ್ ಶುರುವೇ ಆಗುವುದಿಲ್ಲ. ಎರಡನೇ ಸಲ ನಾನು ರಿಪೇರಿಯವರಿಗೆ ಫೋನ್ ಮಾಡಿದ್ದು ಅದಕ್ಕೇ. ಪುಣ್ಯಕ್ಕೆ ಆಚೆ ಕಡೆಯವರು ಎತ್ತುವ ಮೊದಲೇ ಹೆಂಡತಿ ಬಾಗಿಲಿಗೊಂದು ಗುದ್ದು ಕೊಟ್ಟಳು.